ಇ-ರೀಡರ್‌ಗೆ ಜೊತೆಯಾಗಿ ಏನು ಬೇಕು, ಏನು ಬೇಡ: ತಂತ್ರಾಂಶದಿಂದ ಕವರ್‌ವರೆಗೆ

ಪುಸ್ತಕ ಓದಲೆಂದೇ ಮಾಡಿದ ಸಾಧನವಾದ ಇ-ರೀಡರ್ ಕೊಂಡ ಕೂಡಲೇ ಮನಸ್ಸು ಹೋಗುವುದು ಕವರ್, ಪರದೆಗೆ ಅಂಟಿಸುವ ಹಾಳೆ, ಸ್ಟ್ಯಾಂಡು ಇವುಗಳ ಕಡೆಗೆ. ಆದರೆ ಆಸೆಪಟ್ಟು ಕೊಂಡ ಸಾಧನ ಕೆಲವೇ ತಿಂಗಳಲ್ಲಿ ಮೂಲೆ ಸೇರಿದ್ದರೆ ಅದಕ್ಕೆ ಕವರ್ ಇಲ್ಲದ್ದು ಕಾರಣವಾಗಿರುವುದಿಲ್ಲ. ಓದಬೇಕೆಂದುಕೊಂಡ ಪುಸ್ತಕ ಕಂಪ್ಯೂಟರಿನಲ್ಲಿದೆ, ಲೇಖನ ಮೊಬೈಲಿನಲ್ಲಿದೆ, ಪಿಡಿಎಫ್ ಇಮೇಲಿನಲ್ಲಿದೆ. ಇ-ರೀಡರ್‌ನಲ್ಲಿ ಮಾತ್ರ ಏನೂ ಇಲ್ಲ. ಈ ಅಂತರವನ್ನು ತುಂಬುವುದು ತಂತ್ರಾಂಶ, ಅದರಲ್ಲೂ ಬಹುಪಾಲು ಉಚಿತವಾಗಿ ಸಿಗುವ ತಂತ್ರಾಂಶ. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ವಸ್ತುಗಳ ಸರದಿ ಆಮೇಲೆ ಬರುತ್ತದೆ. ಅವುಗಳಲ್ಲಿ ಹಣ ಕೊಟ್ಟು ಕೊಳ್ಳಬೇಕಾದವು ಬಹಳ ಕಡಿಮೆ.

ಪುಸ್ತಕವನ್ನು ಸಾಧನಕ್ಕೆ ಸೇರಿಸುವ ದಾರಿಗಳು

ಅಮೆಜಾನ್‌ನ ಇ-ರೀಡರ್ ಆದ ಕಿಂಡಲ್ ಇರುವವರಿಗೆ ಅತಿ ಸುಲಭದ ದಾರಿ ‘ಸೆಂಡ್ ಟು ಕಿಂಡಲ್’. ಪ್ರತಿ ಸಾಧನಕ್ಕೂ ಒಂದು ಇಮೇಲ್ ವಿಳಾಸವಿರುತ್ತದೆ. ನಿಮ್ಮ ಖಾತೆಯಲ್ಲಿ ಒಪ್ಪಿಗೆ ಕೊಟ್ಟ ವಿಳಾಸದಿಂದ ಅದಕ್ಕೆ ಕಡತ ಕಳಿಸಿದರೆ ಸಾಕು, ಪುಸ್ತಕ ವೈಫೈ ಮೂಲಕ ಬಂದು ಇಳಿಯುತ್ತದೆ. ಇಮೇಲ್ ಬೇಡವೆಂದರೆ ಅಮೆಜಾನ್‌ನ ಜಾಲಪುಟದಲ್ಲಿ ಕಡತವನ್ನು ಎಳೆದು ಹಾಕಬಹುದು, ಮೊಬೈಲಿನಿಂದ ಹಂಚಿಕೊಳ್ಳಲೂ ಬಹುದು. ಇಮೇಲಿನಲ್ಲಿ 50 ಎಂಬಿ, ಜಾಲಪುಟದಲ್ಲಿ 200 ಎಂಬಿ ಮಿತಿ ಇದೆ. 2022ರಿಂದ ಇ-ಪುಸ್ತಕಗಳ ಸಾಮಾನ್ಯ ರೂಪವಾದ ಇಪಬ್ ಕಡತಗಳನ್ನೂ ಇದು ಸ್ವೀಕರಿಸುತ್ತದೆ. ಹಳೆಯ ಮೋಬಿ ರೂಪವನ್ನು ಕಂಪನಿ ಕೈಬಿಟ್ಟಿದೆ. ಹೀಗೆ ಕಳಿಸಿದ ಪುಸ್ತಕದಲ್ಲಿ ನೀವು ಎಲ್ಲಿಯವರೆಗೆ ಓದಿದ್ದೀರಿ ಎಂಬುದು ಮೊಬೈಲಿನ ಕಿಂಡಲ್ ಆಪ್‌ನಲ್ಲೂ ಗೊತ್ತಾಗುತ್ತದೆ. ಎರಡು ಕಡೆ ಓದುವವರಿಗೆ ಇದು ದೊಡ್ಡ ಅನುಕೂಲ.

ಕೊರತೆಯೂ ಇದೆ. ಕಡತ ಕಂಪನಿಯ ಸರ್ವರ್ ದಾಟಿಯೇ ಬರಬೇಕು, ಅಲ್ಲಿ ಅದು ಕಿಂಡಲ್‌ನ ರೂಪಕ್ಕೆ ಮಾರ್ಪಡುತ್ತದೆ, ಆ ಮಾರ್ಪಾಟಿನ ಮೇಲೆ ನಿಮ್ಮ ಹಿಡಿತವಿಲ್ಲ. ಖಾಸಗಿ ದಾಖಲೆಗಳನ್ನು ಹೀಗೆ ಕಳಿಸುವ ಮುನ್ನ ಯೋಚಿಸುವುದು ಒಳ್ಳೆಯದು.

ಬೇರೆ ಕಂಪನಿಗಳೂ ತಮ್ಮದೇ ದಾರಿ ಮಾಡಿಕೊಂಡಿವೆ. ಪಾಕೆಟ್‌ಬುಕ್‌ಗೆ ಇಮೇಲ್ ವಿಳಾಸವೂ ಇದೆ, ಡ್ರಾಪ್‌ಬಾಕ್ಸ್ ಜೋಡಣೆಯೂ ಇದೆ. ಕೋಬೋದ ಮೇಲ್ದರ್ಜೆಯ ಕೆಲವು ಮಾದರಿಗಳಲ್ಲಿ ಡ್ರಾಪ್‌ಬಾಕ್ಸ್ ಮತ್ತು ಗೂಗಲ್ ಡ್ರೈವ್ ಸಿಗುತ್ತವೆ. ಆಂಡ್ರಾಯ್ಡ್ ಮೇಲೆ ನಡೆಯುವ ಬೂಕ್ಸ್‌ನಂಥ ಸಾಧನಗಳಲ್ಲಿ ಇಷ್ಟಬಂದ ಆಪ್ ಹಾಕಿಕೊಳ್ಳಬಹುದಾದ್ದರಿಂದ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಎರಡನೆಯ ದಾರಿ ಕ್ಯಾಲಿಬರ್. ಇ-ರೀಡರ್ ಇರುವವರಿಗೆ ನಾನು ಒಂದೇ ಒಂದು ಸಲಕರಣೆಯನ್ನು ಹೇಳಬೇಕಾಗಿ ಬಂದರೆ ಇದನ್ನೇ ಹೇಳುತ್ತೇನೆ. ಕೋವಿದ್ ಗೋಯಲ್ 2006ರಲ್ಲಿ ಸೋನಿಯ ಇ-ರೀಡರ್‌ಗಾಗಿ ಶುರುಮಾಡಿದ ಈ ಮುಕ್ತ ತಂತ್ರಾಂಶ ಇಂದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತ. ನೋಟಕ್ಕೆ ಚೆಂದವಿಲ್ಲ, ಮೊದಲ ಸಲ ತೆರೆದಾಗ ಗುಂಡಿಗಳ ಸಂತೆ ಕಂಡು ಹಿಂಜರಿಯುವುದು ಸಹಜ. ಆದರೂ ಕಲಿಯಬೇಕಾದದ್ದು ಮೂರೇ ಕೆಲಸ: ಪುಸ್ತಕ ಸೇರಿಸುವುದು, ಅದರ ವಿವರ ತಿದ್ದುವುದು, ಸಾಧನಕ್ಕೆ ಕಳಿಸುವುದು.

ವಿವರ ತಿದ್ದುವುದನ್ನು ಹಗುರವಾಗಿ ನೋಡಬೇಡಿ. ಅಂತರಜಾಲದಿಂದ ಇಳಿಸಿದ ಕಡತಗಳಲ್ಲಿ ಲೇಖಕರ ಹೆಸರಿನ ಜಾಗದಲ್ಲಿ ‘ಅಜ್ಞಾತ’ ಎಂದಿರುತ್ತದೆ, ಶೀರ್ಷಿಕೆಯಲ್ಲಿ ಅಂಕಿಗಳ ಸರಮಾಲೆ ಇರುತ್ತದೆ, ಮುಖಪುಟ ಇರುವುದಿಲ್ಲ. ಇಂಥ ಐವತ್ತು ಕಡತಗಳು ಸಾಧನದಲ್ಲಿ ಸೇರಿದ ಮೇಲೆ ಯಾವುದು ಏನೆಂದು ಹುಡುಕುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಕ್ಯಾಲಿಬರ್‌ನಲ್ಲಿ ಹೆಸರು, ಸರಣಿ, ಸಂಪುಟದ ಸಂಖ್ಯೆ, ಮುಖಪುಟ ಎಲ್ಲವನ್ನೂ ಸರಿಮಾಡಿ ಕಳಿಸಿದರೆ ಸಾಧನದ ಪಟ್ಟಿ ಜೋಡಿಸಿಟ್ಟ ಕಪಾಟಿನಂತೆ ಕಾಣುತ್ತದೆ. ಇಪಬ್‌ನಿಂದ ಕಿಂಡಲ್‌ನ ಎಜಡ್‌ಡಬ್ಲ್ಯು3 ರೂಪಕ್ಕೆ, ಅಥವಾ ಕೋಬೋದಲ್ಲಿ ಪುಟಗಳು ಚುರುಕಾಗಿ ತಿರುಗುವ ಕೆಪಬ್ ರೂಪಕ್ಕೆ ಬದಲಿಸುವುದೂ ಇಲ್ಲೇ ಆಗುತ್ತದೆ. ಅಂಚು ಅಗಲವಾಗಿದ್ದರೆ, ಸಾಲುಗಳ ನಡುವಿನ ಜಾಗ ಸರಿಯಿಲ್ಲದಿದ್ದರೆ, ಪರಿವಿಡಿ ಇಲ್ಲದಿದ್ದರೆ ಅವನ್ನೂ ತಿದ್ದಬಹುದು.

ಕ್ಯಾಲಿಬರ್‌ನೊಳಗೆ ಒಂದು ಪುಟ್ಟ ಸರ್ವರ್ ಕೂಡ ಇದೆ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಅದನ್ನು ಚಾಲೂ ಮಾಡಿದರೆ ಮನೆಯ ವೈಫೈನಲ್ಲಿರುವ ಯಾವ ಸಾಧನದಿಂದಲಾದರೂ ಬ್ರೌಸರ್ ತೆರೆದು ನಿಮ್ಮ ಸಂಗ್ರಹ ನೋಡಬಹುದು, ಕೇಬಲ್ ಇಲ್ಲದೆ ಪುಸ್ತಕ ಇಳಿಸಿಕೊಳ್ಳಬಹುದು.

ಕೇಬಲ್ ಬಳಸುವವರಿಗೆ ಎರಡು ಎಚ್ಚರಿಕೆ. ಅಗ್ಗದ ಹಲವು ಯುಎಸ್‌ಬಿ ಕೇಬಲ್‌ಗಳಲ್ಲಿ ವಿದ್ಯುತ್ ಮಾತ್ರ ಹರಿಯುತ್ತದೆ, ಮಾಹಿತಿ ಹರಿಯುವುದಿಲ್ಲ. ಸಾಧನ ಚಾರ್ಜ್ ಆಗುತ್ತಿದ್ದರೂ ಕಂಪ್ಯೂಟರಿನಲ್ಲಿ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಇನ್ನೊಂದು, 2024ರ ಕಿಂಡಲ್‌ಗಳು ಕಂಪ್ಯೂಟರಿಗೆ ಪೆನ್‌ಡ್ರೈವ್‌ನಂತೆ ಕಾಣಿಸಿಕೊಳ್ಳುವುದಿಲ್ಲ, ಎಂಟಿಪಿ ಎಂಬ ಬೇರೆ ವಿಧಾನದಲ್ಲಿ ಮಾತಾಡುತ್ತವೆ. ವಿಂಡೋಸ್‌ನಲ್ಲಿ ಇದರಿಂದ ತೊಂದರೆಯಿಲ್ಲ. ಮ್ಯಾಕ್‌ಗೆ ಪ್ರತ್ಯೇಕ ತಂತ್ರಾಂಶ ಬೇಕು, ಅಥವಾ ಕ್ಯಾಲಿಬರ್ ಮೂಲಕವೇ ಕಳಿಸಬೇಕು.

ಹಾಗಾದರೆ ಎರಡರಲ್ಲಿ ಯಾವುದು? ಸಾಧನದ ಅಂಗಡಿಯಲ್ಲೇ ಪುಸ್ತಕ ಕೊಂಡು ಓದುವವರಿಗೆ, ಅಪರೂಪಕ್ಕೆ ಹೊರಗಿನ ಒಂದು ಕಡತ ಸೇರಿಸುವವರಿಗೆ ತಂತಿರಹಿತ ದಾರಿ ಸಾಕು. ಉಚಿತ ಪುಸ್ತಕಗಳನ್ನು ಹೆಚ್ಚು ಓದುವವರು, ಬೇರೆ ಬೇರೆ ಕಡೆ ಕೊಳ್ಳುವವರು, ಮುಂದೊಂದು ದಿನ ಬೇರೆ ಕಂಪನಿಯ ಸಾಧನಕ್ಕೆ ಹೋಗುವ ಯೋಚನೆ ಇರುವವರು ಕ್ಯಾಲಿಬರ್ ಕಲಿಯಲೇಬೇಕು. ಬೇರೆಡೆ ನಕಲಾಗದಂತೆ ಕಂಪನಿಗಳು ಡಿಜಿಟಲ್ ಬೀಗ ಹಾಕಿದ ಪುಸ್ತಕಗಳು ಒಂದು ಸಾಧನದಿಂದ ಇನ್ನೊಂದು ಕಂಪನಿಯ ಸಾಧನಕ್ಕೆ ದಾಟುವುದಿಲ್ಲ. ಅಮೆಜಾನ್ 2025ರ ಫೆಬ್ರುವರಿ 26ರಿಂದ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್ ಮೂಲಕ ಹಾಕಿಕೊಳ್ಳುವ ಸೌಲಭ್ಯವನ್ನೂ ತೆಗೆದುಹಾಕಿತು. ಬೀಗವಿಲ್ಲದೆ ಮಾರುವ ಪ್ರಕಾಶಕರ ಬಳಿ ಪುಸ್ತಕ ಸಿಗುವಾಗ ಅಲ್ಲಿಯೇ ಕೊಂಡು ಕ್ಯಾಲಿಬರ್‌ನಲ್ಲಿ ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಉಚಿತ ಪುಸ್ತಕಗಳ ಮಾತು ಬಂದಿದ್ದರಿಂದ ಒಂದು ಪುಟ್ಟ ಹೋಲಿಕೆ. 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ 70,000ಕ್ಕೂ ಹೆಚ್ಚು ಪುಸ್ತಕಗಳಿವೆ. ಸಂಗ್ರಹ ಅಪಾರ, ಅಚ್ಚುಕಟ್ಟುತನ ಪುಸ್ತಕದಿಂದ ಪುಸ್ತಕಕ್ಕೆ ಬೇರೆ. ಸ್ಟ್ಯಾಂಡರ್ಡ್ ಇಬುಕ್ಸ್ ಎಂಬ ಸ್ವಯಂಸೇವಕರ ಯೋಜನೆಯಲ್ಲಿ ಸಿಗುವ ಇಂಗ್ಲಿಷ್ ಪುಸ್ತಕಗಳ ಸಂಖ್ಯೆ ಬಹಳ ಕಡಿಮೆ, ಆದರೆ ಮುಖಪುಟ, ಪರಿವಿಡಿ, ಅಡಿಟಿಪ್ಪಣಿಗಳ ಕೊಂಡಿ ಎಲ್ಲವೂ ಹಣ ಕೊಟ್ಟು ಕೊಂಡ ಪುಸ್ತಕದ ಮಟ್ಟದಲ್ಲಿರುತ್ತವೆ. ಒಂದೇ ಕೃತಿ ಎರಡೂ ಕಡೆ ಇದ್ದರೆ ಎರಡನೆಯದನ್ನೇ ಇಳಿಸಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡದ ಹಳೆಯ ಪುಸ್ತಕಗಳು ಸಿಗುತ್ತವೆ, ಆದರೆ ಸ್ಕ್ಯಾನ್ ಮಾಡಿದ ಪುಟಗಳಾಗಿ. ಅವನ್ನು ಓದುವ ಬಗೆಯನ್ನು ಮುಂದೆ ಹೇಳುತ್ತೇನೆ.

ಆಮೇಲೆ ಓದೋಣವೆಂದು ಎತ್ತಿಟ್ಟ ಲೇಖನಗಳು

ದೀರ್ಘ ಲೇಖನಗಳನ್ನು ಮೊಬೈಲಿನಿಂದ ಇ-ರೀಡರ್‌ಗೆ ಕಳಿಸಿ ಓದುವ ಅಭ್ಯಾಸ ಸಾಧನದ ಬೆಲೆಯನ್ನು ದುಪ್ಪಟ್ಟು ವಸೂಲು ಮಾಡಿಕೊಡುತ್ತದೆ. ಕೋಬೋದಲ್ಲಿ ಬಹಳ ಕಾಲ ಇದಕ್ಕೆ ‘ಪಾಕೆಟ್’ ಇತ್ತು. ಮೊಜಿಲ್ಲಾ ಆ ಸೇವೆಯನ್ನು 2025ರ ಜುಲೈ 8ರಂದು ಮುಚ್ಚಿದ ಮೇಲೆ ಕೋಬೋ ಅದರ ಜಾಗಕ್ಕೆ ‘ಇನ್‌ಸ್ಟಾಪೇಪರ್’ ತಂದಿತು. ಕೆಲಸ ಸರಳ: ಬ್ರೌಸರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಲೇಖನ ಸಾಧನದಲ್ಲಿ ಕಾಣಿಸುತ್ತದೆ. ಕಿಂಡಲ್‌ಗೆ ಅಮೆಜಾನ್‌ನ ಸ್ವಂತ ಬ್ರೌಸರ್ ವಿಸ್ತರಣೆ ಇದೆ. ‘ಪುಶ್ ಟು ಕಿಂಡಲ್’ ಎಂಬ ಇನ್ನೊಂದೂ ಇದೆ. ಒಂದೇ ಲೇಖನವನ್ನು ಎರಡರಿಂದಲೂ ಕಳಿಸಿ ನೋಡಿ, ನೀವು ಓದುವ ತಾಣಗಳಲ್ಲಿ ಚಿತ್ರ, ಅಡಿಟಿಪ್ಪಣಿ, ಕವಿತೆಯ ಸಾಲು ಮುರಿತ ಯಾವುದರಲ್ಲಿ ಉಳಿಯುತ್ತವೆಯೋ ಅದನ್ನು ಇಟ್ಟುಕೊಳ್ಳಿ.

ಸ್ವಂತ ಸರ್ವರ್ ನಡೆಸಬಲ್ಲವರಿಗೆ ‘ವಾಲಬ್ಯಾಗ್’ ಇದೆ. ಅದು ಮುಕ್ತ ತಂತ್ರಾಂಶ, ಎತ್ತಿಟ್ಟ ಲೇಖನಗಳು ನಿಮ್ಮ ಬಳಿಯೇ ಉಳಿಯುತ್ತವೆ. ಉಳಿದವರು ಯಾವ ಸೇವೆ ಹಿಡಿದರೂ ಪಟ್ಟಿಯನ್ನು ಹೊರಗೆ ತೆಗೆಯುವ ಸೌಲಭ್ಯ ಇದೆಯೇ ಎಂದು ಮೊದಲೇ ನೋಡಿಕೊಳ್ಳಲಿ. ವರ್ಷಗಟ್ಟಲೆ ಕೂಡಿಟ್ಟ ಪಟ್ಟಿ ಒಂದು ಪ್ರಕಟಣೆಯೊಂದಿಗೆ ಇಲ್ಲವಾಗಬಹುದು ಎಂಬುದನ್ನು ಪಾಕೆಟ್ ಬಳಸುತ್ತಿದ್ದವರು ಕಂಡಿದ್ದಾರೆ.

ಪಿಡಿಎಫ್: ಇಲ್ಲಿ ಸರಿಯಾದ ಸಲಕರಣೆ ಬೇಕೇ ಬೇಕು

ಎ4 ಹಾಳೆಯ ಅಳತೆ 210 × 297 ಮಿಲಿಮೀಟರ್. ಆರು ಇಂಚಿನ ಪರದೆ ಸುಮಾರು 90 × 122 ಮಿಲಿಮೀಟರ್. ಅಂದರೆ ಪರದೆಯ ಐದು ಪಟ್ಟಿಗಿಂತಲೂ ದೊಡ್ಡದಾದ ಹಾಳೆಯನ್ನು ಅದರೊಳಗೆ ತುರುಕಿದಂತಾಗುತ್ತದೆ. ಅಕ್ಷರಗಳು ಸಣ್ಣದಾಗಿ ಕಾಣುವುದು ಸಾಧನದ ದೋಷವಲ್ಲ. ಪಿಡಿಎಫ್ ಎಂಬುದು ಅಚ್ಚಿನ ಪುಟವನ್ನು ಇದ್ದಂತೆಯೇ ಹಿಡಿದಿಡಲು ಹುಟ್ಟಿದ ರೂಪ. ಇಪಬ್‌ನಂತೆ ಪರದೆಗೆ ತಕ್ಕಂತೆ ಹರಿಯುವುದು ಅದರ ಗುಣವಲ್ಲ.

ನಾಲ್ಕು ಪರಿಹಾರಗಳಿವೆ. ಅತಿ ಸುಲಭದ್ದು ಸಾಧನವನ್ನು ಅಡ್ಡಲಾಗಿ ತಿರುಗಿಸಿ ಓದುವುದು: ಪುಟದ ಅಗಲ ಪರದೆಯ ಉದ್ದಕ್ಕೆ ಹೊಂದಿಕೊಂಡು ಅಕ್ಷರ ಸುಮಾರು ಮೂರನೇ ಒಂದು ಭಾಗದಷ್ಟು ದೊಡ್ಡದಾಗುತ್ತದೆ, ಖರ್ಚೂ ಇಲ್ಲ, ತಂತ್ರಾಂಶವೂ ಬೇಡ. ಎರಡನೆಯದು ಅಂಚು ಕತ್ತರಿಸುವುದು. ‘ಬ್ರಿಸ್’ ಎಂಬ ಉಚಿತ ತಂತ್ರಾಂಶ ಎಲ್ಲ ಪುಟಗಳನ್ನೂ ಒಂದರ ಮೇಲೊಂದು ಇಟ್ಟಂತೆ ತೋರಿಸುತ್ತದೆ. ಅಕ್ಷರಗಳಿರುವ ಜಾಗಕ್ಕೆ ಚೌಕ ಎಳೆದರೆ ಖಾಲಿ ಅಂಚೆಲ್ಲ ಹೋಗುತ್ತದೆ. ಅಗಲ ಅಂಚಿನ ಹಳೆಯ ಪುಸ್ತಕಗಳಿಗೆ ಇಷ್ಟೇ ಸಾಕಾಗುವುದುಂಟು.

ಮೂರನೆಯದು ಕ್ಯಾಲಿಬರ್‌ನಲ್ಲಿ ಪಿಡಿಎಫ್ ಅನ್ನು ಇಪಬ್ ಆಗಿಸುವುದು. ಇಲ್ಲಿ ನನ್ನ ಸಲಹೆ ನೇರವಾಗಿದೆ: ಕನ್ನಡ ಪಿಡಿಎಫ್‌ಗೆ ಇದನ್ನು ಮಾಡಬೇಡಿ. ಯೂನಿಕೋಡ್ ಬರುವ ಮುನ್ನಿನ ಫಾಂಟುಗಳಲ್ಲಿ ಜೋಡಿಸಿದ ಪುಸ್ತಕಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಮಾರ್ಪಡಿಸಿದ ಕೂಡಲೇ ಆ ಸಂಕೇತಗಳೇ ಹೊರಬಂದು ಓದಲಾಗದ ಕಲಸುಮೇಲೋಗರವಾಗುತ್ತದೆ. ಯೂನಿಕೋಡ್‌ನಲ್ಲಿದ್ದರೂ ಒತ್ತಕ್ಷರ ಮತ್ತು ಸ್ವರಚಿಹ್ನೆಗಳ ಕ್ರಮ ತಪ್ಪಿ ಬರುವ ಸಂಭವ ಬಹಳ. ಗಣಿತ, ಕೋಷ್ಟಕ, ಎರಡು ಅಂಕಣಗಳಿರುವ ಪುಟಗಳಾದರೆ ಯಾವ ಭಾಷೆಯಲ್ಲಿದ್ದರೂ ಇದೇ ಕಥೆ. ಸರಳ ಗದ್ಯದ ಇಂಗ್ಲಿಷ್ ಪುಸ್ತಕಕ್ಕೆ ಮಾತ್ರ ಈ ದಾರಿ ಹಿಡಿಯಬಹುದು.

ನಾಲ್ಕನೆಯದು ನನಗೆ ಅತ್ಯಂತ ಮೆಚ್ಚಿಗೆಯಾದದ್ದು: ಕೆ2ಪಿಡಿಎಫ್‌ಆಪ್ಟ್. ಇದು ಅಕ್ಷರಗಳನ್ನು ಅಕ್ಷರಗಳೆಂದು ಓದುವ ಗೊಡವೆಗೇ ಹೋಗುವುದಿಲ್ಲ. ಪುಟವನ್ನು ಚಿತ್ರವಾಗಿ ನೋಡಿ, ಪದಗಳ ನಡುವಿನ ಖಾಲಿ ಜಾಗ ಗುರುತಿಸಿ, ಒಂದೊಂದು ಪದವನ್ನೂ ಚಿತ್ರದ ತುಣುಕಾಗಿ ಕತ್ತರಿಸಿ, ಸಣ್ಣ ಪರದೆಗೆ ಹೊಂದುವಂತೆ ಹೊಸ ಸಾಲುಗಳಲ್ಲಿ ಜೋಡಿಸುತ್ತದೆ. ಹಾಗಾಗಿ ಲಿಪಿ ಯಾವುದೆಂಬುದು ಮುಖ್ಯವಾಗುವುದಿಲ್ಲ. ಹಳೆಯ ಫಾಂಟಿನ ಪಿಡಿಎಫ್, ಸ್ಕ್ಯಾನ್ ಮಾಡಿದ ಪುಸ್ತಕ, ಎರಡು ಅಂಕಣದ ಸಂಶೋಧನಾ ಲೇಖನ ಎಲ್ಲಕ್ಕೂ ಒಗ್ಗುತ್ತದೆ. ಅಂತರಜಾಲದಲ್ಲಿ ಸಿಗುವ ಕನ್ನಡದ ಹಳೆಯ ಪುಸ್ತಕಗಳನ್ನು ಆರು ಇಂಚಿನ ಪರದೆಯಲ್ಲಿ ಕಣ್ಣಿಗೆ ಶ್ರಮವಿಲ್ಲದೆ ಓದಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ಮಿತಿಗಳೂ ಇವೆ. ಕಡತದ ಗಾತ್ರ ಹಿಗ್ಗುತ್ತದೆ, ಆಮೇಲೆ ಫಾಂಟ್ ಬದಲಿಸಲು ಆಗುವುದಿಲ್ಲ, ಕಲೆ ಹಿಡಿದ ಅಥವಾ ಓರೆಯಾದ ಸ್ಕ್ಯಾನ್‌ಗಳಲ್ಲಿ ಸಾಲು ಗುರುತಿಸುವುದು ತಪ್ಪುತ್ತದೆ. ಕವಿತೆಗೆ ಇದನ್ನು ಬಳಸಬಾರದು, ಸಾಲುಗಳ ಅಂದ ಕೆಡುತ್ತದೆ. ಅಂಚು ಕತ್ತರಿಸಿ ಇದ್ದಂತೆಯೇ ಓದುವುದು ಮೇಲು. ಇಡೀ ಪುಸ್ತಕಕ್ಕೆ ಕೈಹಾಕುವ ಮುನ್ನ ಹತ್ತು ಪುಟ ಮಾತ್ರ ಮಾರ್ಪಡಿಸಿ ನೋಡಿ.

ದಿನದ ಓದೆಲ್ಲ ನಕ್ಷೆ, ಸೂತ್ರ, ಕೋಷ್ಟಕ ತುಂಬಿದ ಪಿಡಿಎಫ್‌ಗಳೇ ಆಗಿದ್ದರೆ ಸಲಕರಣೆಗಳ ಹಿಂದೆ ಬೀಳುವುದನ್ನು ಬಿಟ್ಟು ಹತ್ತು ಇಂಚು ಅಥವಾ ಅದಕ್ಕಿಂತ ದೊಡ್ಡ ಪರದೆಯ ಸಾಧನಕ್ಕೆ ಹೋಗಿ.

ಓದುವ ತಂತ್ರಾಂಶವನ್ನೇ ಬದಲಿಸುವುದು: ಕೆಓರೀಡರ್

ಸಾಧನದೊಂದಿಗೆ ಬಂದ ಓದುವ ತಂತ್ರಾಂಶ ಬಹುಪಾಲು ಜನರಿಗೆ ಸಾಕು. ಅದರಾಚೆಗೆ ಹೋಗಬಯಸುವವರಿಗೆ ಕೆಓರೀಡರ್ ಇದೆ. ಕೋಬೋ ಮತ್ತು ಪಾಕೆಟ್‌ಬುಕ್‌ಗಳಲ್ಲಿ ಕೆಲವು ಕಡತಗಳನ್ನು ನಕಲು ಮಾಡಿದರೆ ಕೂರುತ್ತದೆ, ಮೂಲ ತಂತ್ರಾಂಶವೂ ಹಾಗೆಯೇ ಉಳಿಯುತ್ತದೆ. ಆಂಡ್ರಾಯ್ಡ್ ಸಾಧನಗಳಲ್ಲಿ ಅದೊಂದು ಆಪ್ ಅಷ್ಟೇ. ಕಿಂಡಲ್‌ನಲ್ಲಿ ಮಾತ್ರ ಮೊದಲು ಕಂಪನಿಯ ಬೀಗ ಮುರಿಯಬೇಕು, ಅಂದರೆ ಜೈಲ್‌ಬ್ರೇಕ್ ಮಾಡಬೇಕು. ವಾರಂಟಿಗೆ ಅದರಿಂದ ಧಕ್ಕೆಯಾಗಬಹುದು, ಮುಂದಿನ ಪರಿಷ್ಕರಣೆಯಲ್ಲಿ ಕೆಲಸ ಕೆಡಲೂಬಹುದು. ಇರುವ ಒಂದೇ ಸಾಧನದ ಮೇಲೆ ಈ ಪ್ರಯೋಗ ಮಾಡಬೇಡಿ ಎಂದೇ ಹೇಳುತ್ತೇನೆ.

ಲಾಭವೇನು? ಕೆ2ಪಿಡಿಎಫ್‌ಆಪ್ಟ್‌ನ ಪುಟ ಮರುಜೋಡಣೆ ಇದರೊಳಗೇ ಇದೆ, ಕಂಪ್ಯೂಟರ್ ಬೇಕಿಲ್ಲ. ಸ್ಟಾರ್‌ಡಿಕ್ಟ್ ರೂಪದ ಯಾವ ನಿಘಂಟನ್ನಾದರೂ ಸೇರಿಸಬಹುದು. ಕಂಪನಿ ಕೊಟ್ಟ ಪಟ್ಟಿಯಲ್ಲಿ ನಿಮ್ಮ ಭಾಷೆಯ ನಿಘಂಟು ಇಲ್ಲದಾಗ ಇದರ ಬೆಲೆ ತಿಳಿಯುತ್ತದೆ. ಕ್ಯಾಲಿಬರ್ ಸರ್ವರ್‌ನಿಂದ, ವಾಲಬ್ಯಾಗ್‌ನಿಂದ ನೇರವಾಗಿ ಇಳಿಸಿಕೊಳ್ಳಬಹುದು. ಬೇರೆ ಬೇರೆ ಕಂಪನಿಗಳ ಎರಡು ಸಾಧನಗಳ ನಡುವೆ ಓದಿನ ಪುಟವನ್ನು ಹೊಂದಿಸಿಕೊಳ್ಳಬಹುದು.

ಕನ್ನಡ ಓದುವವರಿಗೆ ಇನ್ನೊಂದು ಕಾರಣವಿದೆ. ಸಾಧನದ ‘ಫಾಂಟ್ಸ್’ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡದಂಥ ಉಚಿತ ಫಾಂಟ್ ಹಾಕುವುದು ಕಿಂಡಲ್, ಕೋಬೋ ಎರಡರಲ್ಲೂ ಸಾಧ್ಯ. ಆದರೆ ಫಾಂಟ್ ಇದ್ದರೆ ಮಾತ್ರ ಸಾಲದು, ವ್ಯಂಜನಕ್ಕೆ ಒತ್ತು, ಸ್ವರಚಿಹ್ನೆ, ಅರ್ಕಾವತ್ತುಗಳನ್ನು ಸರಿಯಾಗಿ ಕೂಡಿಸಿ ತೋರಿಸುವ ತಂತ್ರಾಂಶವೂ ಬೇಕು. ಅದಿಲ್ಲದಿದ್ದರೆ ‘ರಾಷ್ಟ್ರ’, ‘ಸ್ತ್ರೀ’, ‘ಸೂರ್ಯ’ ಎಂಬ ಪದಗಳು ಬಿಡಿಬಿಡಿಯಾಗಿ ಒಡೆದು ಕಾಣುತ್ತವೆ. ಕೆಓರೀಡರ್ ಈ ಕೂಡಿಕೆಗೆ ಹಾರ್ಫ್‌ಬಜ್ ಎಂಬ ವ್ಯವಸ್ಥೆಯನ್ನು ಬಳಸುತ್ತದೆ. ಅನೇಕ ಬ್ರೌಸರ್‌ಗಳು ಬಳಸುವುದೂ ಇದನ್ನೇ. ಯಾವ ಸಾಧನ ಕೊಳ್ಳುವುದಿದ್ದರೂ ಈ ಮೂರು ಪದಗಳಿರುವ ಒಂದು ಇಪಬ್ ಹಾಕಿ ಪರೀಕ್ಷಿಸಿ, ಆಮೇಲೆ ನಿರ್ಧರಿಸಿ.

ಕೆಓರೀಡರ್‌ನ ದೋಷವೆಂದರೆ ಆಯ್ಕೆಗಳ ಅತಿರೇಕ. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು. ಅಂಗಡಿಯಿಂದ ಕೊಂಡ ಬೀಗವಿರುವ ಪುಸ್ತಕಗಳನ್ನು ಅದು ತೆರೆಯುವುದಿಲ್ಲ. ಸಾಧನದಲ್ಲಿರುವುದೆಲ್ಲ ಕೊಂಡ ಪುಸ್ತಕಗಳೇ ಆಗಿದ್ದರೆ ಇದರಿಂದ ನಿಮಗೆ ಪ್ರಯೋಜನವಿಲ್ಲ.

ಕವರ್‌ಗಳು

ಕವರ್ ಆಯ್ಕೆಯಲ್ಲಿ ಬಣ್ಣಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಸಾಧನ ಎಲ್ಲೆಲ್ಲಿಗೆ ಹೋಗುತ್ತದೆ? ಇ-ರೀಡರ್‌ಗಳಲ್ಲಿರುವ, ಕಾಗದದಂತೆ ಕಾಣುವ ಇ-ಇಂಕ್ ಪರದೆಯ ಒಳಪದರ ಬಹುಪಾಲು ಸಾಧನಗಳಲ್ಲಿ ತೆಳು ಗಾಜು. ಗೀರಿಗಿಂತ ಒತ್ತಡ ಅದರ ದೊಡ್ಡ ಶತ್ರು. ತುಂಬಿದ ಚೀಲದಲ್ಲಿ ನೀರಿನ ಬಾಟಲಿಯ ಮೂತಿ ಪರದೆಗೆ ಒತ್ತಿಕೊಂಡರೆ ಹೊರಗೆ ಗುರುತೂ ಇಲ್ಲದೆ ಒಳಪದರ ಬಿರುಕು ಬಿಡುತ್ತದೆ. ಅರ್ಧ ಪರದೆ ಗೆರೆಗಳಾಗಿ ನಿಂತುಬಿಡುತ್ತದೆ. ಬಟ್ಟೆಯ ಅಥವಾ ಸ್ಪಂಜಿನ ಮೆತ್ತನೆಯ ಸ್ಲೀವ್ ಗೀರು ತಪ್ಪಿಸುತ್ತದೆ, ಒತ್ತಡವನ್ನು ತಡೆಯುವುದಿಲ್ಲ. ಪರದೆಯ ಮೇಲೆ ಗಟ್ಟಿ ಹಲಗೆಯಂತೆ ಮುಚ್ಚುವ ಕವರ್ ತಡೆಯುತ್ತದೆ. ಚೀಲದಲ್ಲಿ ದಿನವೂ ಒಯ್ಯುವವರಿಗೆ ಗಟ್ಟಿ ಕವರ್, ಮನೆಯಲ್ಲೇ ಓದುವವರಿಗೆ ಸ್ಲೀವ್ ಅಥವಾ ಏನೂ ಬೇಡ.

ಏನೂ ಬೇಡ ಎಂಬುದಕ್ಕೆ ಕಾರಣ ತೂಕ. 2024ರ ಕಿಂಡಲ್ ಪೇಪರ್‌ವೈಟ್ 211 ಗ್ರಾಂ, ಕೋಬೋ ಕ್ಲಾರಾ ಬಿಡಬ್ಲ್ಯು 174 ಗ್ರಾಂ. ಗಟ್ಟಿ ಕವರ್ ಹಾಕಿದರೆ ಈ ಹಗುರತನದ ಸುಖ ಬಹಳಷ್ಟು ಹೋಗುತ್ತದೆ. ಮಲಗಿಕೊಂಡು ಒಂದೇ ಕೈಯಲ್ಲಿ ಓದುವವರಿಗೆ ಅದು ಮೊದಲ ಗಂಟೆಯಲ್ಲೇ ತಿಳಿಯುತ್ತದೆ. ನನಗೆ ಹಿಡಿಸಿದ್ದು ಅಯಸ್ಕಾಂತದಿಂದ ಅಂಟುವ, ಓದುವಾಗ ಕಿತ್ತಿಡಬಹುದಾದ ಬಗೆ. ಮುಚ್ಚಿದೊಡನೆ ಸಾಧನವನ್ನು ಮಲಗಿಸಿ ತೆರೆದೊಡನೆ ಎಬ್ಬಿಸುವ ಕವರ್‌ಗಳಲ್ಲಿಯೂ ಇರುವುದು ಅಯಸ್ಕಾಂತವೇ. ಇದು ಬರೀ ಆಡಂಬರವಲ್ಲ, ಚೀಲದಲ್ಲಿ ಗುಂಡಿ ಒತ್ತಿಹೋಗಿ ಪುಟ ಅಡ್ಡಾದಿಡ್ಡಿ ತಿರುಗುವುದು ತಪ್ಪುತ್ತದೆ.

ಕೊಳ್ಳುವಾಗ ಮಾದರಿಯ ವರ್ಷ ನೋಡಿ. ಪೇಪರ್‌ವೈಟ್ ಎಂಬ ಹೆಸರು ಒಂದೇ ಆದರೂ 2021ರ ಪರದೆ 6.8 ಇಂಚು, 2024ರದ್ದು 7 ಇಂಚು. ಒಂದರ ಕವರ್ ಇನ್ನೊಂದಕ್ಕೆ ಕೂರುವುದಿಲ್ಲ.

ಪುಟ ತಿರುವುವ ರಿಮೋಟ್

ಆರೋಗ್ಯವಂತರಿಗೆ ಇದು ಅನವಶ್ಯಕ ಎನಿಸಬಹುದು. ಸಂಧಿವಾತ ಇರುವವರಿಗೆ, ಕೈಗೆ ಪೆಟ್ಟಾದವರಿಗೆ, ಹಾಸಿಗೆ ಹಿಡಿದವರಿಗೆ ಇದರಷ್ಟು ಉಪಕಾರಿಯಾದ ವಸ್ತು ಇನ್ನೊಂದಿಲ್ಲ. ಚಳಿಯಲ್ಲಿ ಕೈ ಹೊದಿಕೆಯೊಳಗಿಟ್ಟು ಓದುವವರೂ, ವ್ಯಾಯಾಮದ ಸೈಕಲ್ ತುಳಿಯುತ್ತ ಓದುವವರೂ ಇದನ್ನು ಮೆಚ್ಚುತ್ತಾರೆ.

ಎರಡು ಬಗೆಗಳಿವೆ. ಒಂದು, ಪರದೆಯ ಅಂಚಿಗೆ ಕಚ್ಚಿಸುವ ಕ್ಲಿಪ್ ಮತ್ತು ಕೈಯಲ್ಲಿ ಹಿಡಿಯುವ ಗುಂಡಿ. ಗುಂಡಿ ಒತ್ತಿದಾಗ ರೇಡಿಯೋ ಸಂಕೇತ ಹೋಗಿ ಕ್ಲಿಪ್ ಬೆರಳಿನ ಸ್ಪರ್ಶವನ್ನು ಅನುಕರಿಸುತ್ತದೆ. ಸ್ಪರ್ಶ ಪರದೆಯ ಯಾವ ಸಾಧನಕ್ಕಾದರೂ ಆಗುತ್ತದೆ, ಜೋಡಣೆಯ ರಗಳೆ ಇಲ್ಲ. ಆದರೆ ಕ್ಲಿಪ್ ಪರದೆಯ ಸ್ವಲ್ಪ ಭಾಗ ಮುಚ್ಚುತ್ತದೆ, ಕೆಲವು ಕವರ್‌ಗಳಿಗೆ ಅಡ್ಡ ಬರುತ್ತದೆ, ಎರಡು ತುಂಡುಗಳನ್ನೂ ಚಾರ್ಜ್ ಮಾಡಬೇಕು, ಸಾಮಾನ್ಯವಾಗಿ ಮುಂದಕ್ಕೆ ಮಾತ್ರ ತಿರುವುತ್ತದೆ. ಇನ್ನೊಂದು ಬಗೆ ಬ್ಲೂಟೂತ್ ರಿಮೋಟ್. ಇದು ಹಿಂದಕ್ಕೂ ಮುಂದಕ್ಕೂ ತಿರುವುತ್ತದೆ, ಪರದೆಯ ಮೇಲೆ ಏನೂ ಇರುವುದಿಲ್ಲ. ಆಂಡ್ರಾಯ್ಡ್ ಸಾಧನಗಳಲ್ಲಿ ಹೊಂದಿಕೊಳ್ಳುತ್ತದೆ. ಬ್ಲೂಟೂತ್ ಇರುವ ತನ್ನ ಸಾಧನಗಳಿಗೆ ಕೋಬೋ ತನ್ನದೇ ರಿಮೋಟ್ ಮಾರುತ್ತದೆ. ಕಿಂಡಲ್‌ನ ಬ್ಲೂಟೂತ್ ಧ್ವನಿಗಾಗಿ ಇರುವುದರಿಂದ ಅಲ್ಲಿ ಕ್ಲಿಪ್ ಬಗೆಯೇ ಗತಿ.

ಹೊಸ ಸಾಧನವನ್ನೇ ಕೊಳ್ಳುವ ಸಮಯ ಬಂದಿದ್ದರೆ ಪುಟ ತಿರುವುವ ಗುಂಡಿಗಳಿರುವ ಮಾದರಿ ನೋಡಿ. ಕೋಬೋ ಲಿಬ್ರಾ ಸರಣಿಯಲ್ಲಿ, ಪಾಕೆಟ್‌ಬುಕ್‌ನ ಹಲವು ಮಾದರಿಗಳಲ್ಲಿ ಅವು ಇವೆ.

ಉಳಿದ ವಸ್ತುಗಳು

ಪರದೆಗೆ ಅಂಟಿಸುವ ಹಾಳೆ ಬೇಡ. ಒತ್ತಡದಿಂದ ಕಾಪಾಡುವುದಿಲ್ಲ, ಇಂಚಿಗೆ 300 ಚುಕ್ಕೆಗಳಿರುವ (300 ಪಿಪಿಐ) ಪರದೆಯ ತೀಕ್ಷ್ಣತೆಯನ್ನು ಮಂಕು ಮಾಡುತ್ತದೆ. ಗಾಜಿನ ಹೊಳಪು ಕಣ್ಣಿಗೆ ಹೊಡೆಯುವ ಮಾದರಿಯಾಗಿದ್ದರೆ ಮಾತ್ರ ಮ್ಯಾಟ್ ಹಾಳೆಯನ್ನು ಯೋಚಿಸಬಹುದು.

ಮುಂಬೆಳಕು ಇರುವ ಸಾಧನಕ್ಕೆ ಬೇರೆ ದೀಪ ಬೇಡ. ಅಂಚಿನ ಎಲ್‌ಇಡಿಗಳ ಬೆಳಕು ಪರದೆಯ ಮೇಲೆ ಹರಡುತ್ತದೆ, ಮೊಬೈಲಿನಂತೆ ನೇರ ಕಣ್ಣಿಗೆ ಬೀಳುವುದಿಲ್ಲ. ಬೆಳಕಿಲ್ಲದ ಹಳೆಯ ಸಾಧನವಿದ್ದರೆ ಹಳದಿ ಬೆಳಕಿನ, ಕತ್ತು ಬಾಗುವ ಪುಟ್ಟ ಕ್ಲಿಪ್ ದೀಪ ಅದಕ್ಕೆ ಮತ್ತೆ ಜೀವ ಕೊಡುತ್ತದೆ.

ಚಾರ್ಜಿಂಗ್ ಸ್ಟ್ಯಾಂಡಿಗೂ ಹಣ ಹಾಕಬೇಡಿ. ಇ-ಇಂಕ್ ಪರದೆಗೆ ಪುಟ ಬದಲಾಗುವಾಗ ಮಾತ್ರ ವಿದ್ಯುತ್ ಬೇಕು, ಒಂದು ಚಾರ್ಜ್ ವಾರಗಟ್ಟಲೆ ಬರುತ್ತದೆ. ಇನ್ನೂ ಹೆಚ್ಚು ದಿನ ಬರಬೇಕೆಂದರೆ ವೈಫೈ ಆರಿಸಿ, ಬೆಳಕು ತಗ್ಗಿಸಿ.

ನೀರಿನ ಬಳಿ ಓದುವವರು ನೀರು ತಾಳುತ್ತದೆಂದು ಸೂಚಿಸುವ ಐಪಿಎಕ್ಸ್8 ಗುರುತು ಇದೆಯೇ ನೋಡಲಿ. ಪೇಪರ್‌ವೈಟ್ ಮತ್ತು ಕೋಬೋದ ಹಲವು ಮಾದರಿಗಳು 2 ಮೀಟರ್ ಆಳದ ಸಿಹಿನೀರಿನಲ್ಲಿ 60 ನಿಮಿಷ ತಾಳುತ್ತವೆ. ಗುರುತಿಲ್ಲದ ಸಾಧನವನ್ನು ಜಿಪ್ ಇರುವ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಸ್ಪರ್ಶ ಅದರ ಮೇಲಿಂದಲೂ ಕೆಲಸ ಮಾಡುತ್ತದೆ.

ಬರೆಯುವ ಸಾಧನಗಳ ಪೆನ್ನಿನ ಬಗ್ಗೆ ಎರಡು ಮಾತು. ಕಿಂಡಲ್ ಸ್ಕ್ರೈಬ್, ಬೂಕ್ಸ್‌ನ ಅನೇಕ ಮಾದರಿಗಳು, ರಿಮಾರ್ಕಬಲ್ 2 ಇವು ವಾಕಾಮ್ ಕಂಪನಿಯ ಇಎಂಆರ್ ಎಂಬ ವಿದ್ಯುತ್ಕಾಂತೀಯ ತಂತ್ರವನ್ನು ಬಳಸುತ್ತವೆ. ಈ ಪೆನ್ನಿಗೆ ಬ್ಯಾಟರಿ ಬೇಡ. ಲಾಮಿ, ಸ್ಟೆಡ್ಲರ್‌ನಂಥ ಪೆನ್ನಿನ ಕಂಪನಿಗಳೇ ಮಾಡಿದ ಇಎಂಆರ್ ಪೆನ್ನುಗಳೂ ಅವುಗಳ ಮೇಲೆ ಬರೆಯುತ್ತವೆ, ಕೈಗೆ ಹಿಡಿತ ಚೆನ್ನಾಗಿರುತ್ತದೆ. ಕೋಬೋದ ಪೆನ್ನು ಬೇರೆ ತಂತ್ರದ್ದು, ಅದಕ್ಕೆ ಬ್ಯಾಟರಿ ಬೇಕು, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಪರದೆ ಕಾಗದದಂತೆ ತರಿಯಾಗಿದ್ದಷ್ಟೂ ಪೆನ್ನಿನ ಮೊನೆ ಬೇಗ ಸವೆಯುತ್ತದೆ. ಹೆಚ್ಚುವರಿ ಮೊನೆಗಳನ್ನು ಮೊದಲೇ ತಂದಿಟ್ಟುಕೊಳ್ಳಿ.

ಗೆರೆ ಎಳೆದ ಸಾಲುಗಳನ್ನು ಉಳಿಸಿಕೊಳ್ಳುವುದು

ಓದುವಾಗ ಗುರುತು ಮಾಡಿದ ಸಾಲುಗಳು ಸಾಧನದೊಳಗೇ ಉಳಿದರೆ ಅವುಗಳ ಪ್ರಯೋಜನ ಅರ್ಧ ಮಾತ್ರ. ಕಿಂಡಲ್ ಅವೆಲ್ಲವನ್ನೂ ‘ಮೈ ಕ್ಲಿಪ್ಪಿಂಗ್ಸ್’ ಎಂಬ ಸರಳ ಪಠ್ಯ ಕಡತದಲ್ಲಿ ಬರೆಯುತ್ತದೆ. ಕೇಬಲ್ ಜೋಡಿಸಿ ನಕಲು ಮಾಡಿಕೊಂಡರೆ ಆಯಿತು. ಅಳಿಸಿದ, ತಿದ್ದಿದ ಗುರುತುಗಳೂ ಅಲ್ಲೇ ಉಳಿಯುವುದರಿಂದ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಅದನ್ನು ಕೈಯಾರೆ ಸೋಸಬೇಕು. ಕೋಬೋ ಒಂದು ದತ್ತಾಂಶ ಕಡತದೊಳಗೆ ಇಡುತ್ತದೆ. ಅದನ್ನು ತೆಗೆಯಲು ಕ್ಯಾಲಿಬರ್‌ನ ಪ್ಲಗಿನ್ ಬಳಸಬಹುದು. ಕೆಓರೀಡರ್ ನೇರವಾಗಿ ಮಾರ್ಕ್‌ಡೌನ್ (ಸರಳ ಚಿಹ್ನೆಗಳಿರುವ ಪಠ್ಯ ರೂಪ) ಅಥವಾ ಪಠ್ಯವಾಗಿ ಹೊರಹಾಕುತ್ತದೆ, ಮೂರರಲ್ಲಿ ಅತ್ಯಂತ ಶುಚಿಯಾದದ್ದು ಅದೇ.

ಹಣ ಕೊಡುವುದಾದರೆ ರೀಡ್‌ವೈಸ್ ಇದೆ. ಕಿಂಡಲ್, ಇನ್‌ಸ್ಟಾಪೇಪರ್ ಮುಂತಾದ ಕಡೆಗಳಿಂದ ಸಾಲುಗಳನ್ನು ತಾನೇ ಕೂಡಿಸಿ, ದಿನವೂ ಕೆಲವನ್ನು ಇಮೇಲಿನಲ್ಲಿ ನೆನಪಿಸುತ್ತದೆ. ತಿಂಗಳಿಗೆ ಹಲವು ಪುಸ್ತಕ ಓದಿ ಅವುಗಳ ಆಧಾರದ ಮೇಲೆ ಬರೆಯುವ, ಪಾಠ ಮಾಡುವ ಕೆಲಸವಿದ್ದರೆ ಅದರ ಚಂದಾ ಸಾರ್ಥಕ. ಕಥೆ ಕಾದಂಬರಿ ಓದಿ ಅಲ್ಲೊಂದು ಇಲ್ಲೊಂದು ಗೆರೆ ಎಳೆಯುವವರಿಗೆ ಉಚಿತ ಪಠ್ಯ ಕಡತವೇ ಸಾಕು.

ಒಂದು ಮಿತಿ ಮಾತ್ರ ಎಲ್ಲರಿಗೂ ತಿಳಿದಿರಲಿ. ಕಿಂಡಲ್‌ನಲ್ಲಿ ಕೊಂಡ ಪುಸ್ತಕದ ಎಷ್ಟು ಭಾಗವನ್ನು ಹೀಗೆ ಹೊರತೆಗೆಯಬಹುದು ಎಂಬುದಕ್ಕೆ ಪ್ರಕಾಶಕರು ಮಿತಿ ಹಾಕಿರುತ್ತಾರೆ. ಮಿತಿ ದಾಟಿದ ಮೇಲೆ ಗೆರೆ ಸಾಧನದಲ್ಲಿ ಕಂಡರೂ ಕಡತದಲ್ಲಿ ಆ ಸಾಲಿನ ಬದಲು ಮಿತಿ ಮುಗಿದಿದೆ ಎಂಬ ಸೂಚನೆ ಬರುತ್ತದೆ. ಪ್ಯಾರಾಗಟ್ಟಲೆ ಗೆರೆ ಎಳೆಯುವ ಅಭ್ಯಾಸವಿದ್ದರೆ ಬೇಕಾದ ವಾಕ್ಯವನ್ನಷ್ಟೇ ಗುರುತಿಸಿ, ಉಳಿದದ್ದರ ಸಾರವನ್ನು ಟಿಪ್ಪಣಿಯಾಗಿ ನಿಮ್ಮ ಮಾತಿನಲ್ಲೇ ಬರೆದಿಡಿ. ನೀವು ಬರೆದ ಟಿಪ್ಪಣಿಗೆ ಆ ಮಿತಿ ಅನ್ವಯಿಸುವುದಿಲ್ಲ.